ಮುಂದಿನ ಚಕ್ರಕ್ಕೆ ಎರಡು ಕೆಲಸ



ಈ ಸಲ ಅಡುಗೆಯೂ ಅಲ್ಲ, ಹಬ್ಬವೂ ಅಲ್ಲ, ಕಾರು. ನಗಬೇಡಿ. ಡೊಂಬಿವಲಿಯ ನಮ್ಮ ಮನೆಯಲ್ಲಿ ಈಗ ಊಟದ ಹೊತ್ತಿಗೆ ಇದೇ ಮಾತು. ಮಗನೂ ಅವನ ಗೆಳೆಯರೂ ಟರ್ಬೊ ಕಾರಿನವರು. ವಾಶಿಯಿಂದ ಬೇಲಾಪುರದ ಪಾಮ್ ಬೀಚ್ ರಸ್ತೆ ರಾತ್ರಿ ಖಾಲಿ ಇರುತ್ತದಲ್ಲ ಎಂಬ ಆಸೆ ಕೆಲವರಿಗೆ. ಆ ರಸ್ತೆಯ ಅಪಘಾತಗಳ ಸುದ್ದಿ ಓದಿ ಓದಿ ಸಾಕಾದವಳು ನಾನು. ವೇಗ ಬೇಕಿದ್ದರೆ ಆಟೋಕ್ರಾಸ್‌ಗೆ ಹೋಗಿ. ಬಯಲಲ್ಲಿ ಕೋನ್‌ಗಳನ್ನಿಟ್ಟು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ಕೋನ್ ಉರುಳಿದರೆ ಸೆಕೆಂಡುಗಳ ದಂಡ, ಅಷ್ಟೇ. ಎಫ್‌ಎಂಎಸ್‌ಸಿಐ ಸಂಸ್ಥೆಯ ಅನುಮತಿ ಇರುವ ಸ್ಪರ್ಧೆಯನ್ನೇ ಹುಡುಕಿ.

ನಿಮ್ಮ ಅಜ್ಜನ ಕಾಲದ ಪ್ರೀಮಿಯರ್ ಪದ್ಮಿನಿ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಅದನ್ನು ತಳ್ಳುತ್ತಿದ್ದುದು ಹಿಂದಿನ ಚಕ್ರ. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರ ಎಳೆಯುವ ಕಾರು ಮನೆಮನೆಗೆ ಬಂತು. ಅದರ ಶಕ್ತಿ 40 ಅಶ್ವಶಕ್ತಿಯ ಆಸುಪಾಸು. 2025ರಲ್ಲಿ ಭಾರತಕ್ಕೆ ಬಂದ ಗಾಲ್ಫ್ ಜಿಟಿಐಯದು 265, ಅಷ್ಟೂ ಮುಂದಿನ ಎರಡೇ ಚಕ್ರಕ್ಕೆ!

ತೊಂದರೆ ಇರುವುದು ಇಲ್ಲೇ. ಎಳೆಯುವುದೂ ಆ ಚಕ್ರಗಳೇ, ತಿರುಗಿಸುವುದೂ ಅವೇ. ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ. ಬಾಡಿಗೆಗೆ ಹೆಚ್ಚು ಹೋದರೆ ದಿನಸಿಗೆ ಕಡಿಮೆ. ತಿರುವಿನ ನಡುವೆ ಆಕ್ಸಿಲರೇಟರ್ ಜೋರಾಗಿ ಒತ್ತಿದಿರೋ, ಕಾರು ತಿರುಗದೆ ಹೊರಕ್ಕೆ ಜಾರುತ್ತದೆ. ಆಗ ಸ್ಟೀರಿಂಗ್ ಇನ್ನಷ್ಟು ತಿರುಗಿಸಿ ಪ್ರಯೋಜನವಿಲ್ಲ. ಸ್ವಲ್ಪ ಸಡಿಲಿಸಿ, ಕಾಲನ್ನು ಮೆಲ್ಲಗೆ ಎತ್ತಿ, ಹಿಡಿತ ಮರಳುತ್ತದೆ. ಥಟ್ಟನೆ ಎತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಕಾರಿನ ಹಿಂಭಾಗ ಬೀಸುತ್ತದೆ. ಪಳಗಿದವರು ಅದನ್ನೇ ಬೇಗ ತಿರುಗಲು ಬಳಸುತ್ತಾರೆ; ನಿಮಗೆ ಮೊದಲ ದಿನವೇ ಬೇಡ.

ಊರಿಗೆ ಹೋಗುವಾಗ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಸ್ಸಿನ ಡ್ರೈವರನ್ನು ನೋಡಿದ್ದೀರಲ್ಲ? ವೇಗ ಇಳಿಸುವುದು ತಿರುವಿಗೆ ಮೊದಲು, ತಿರುವಿನೊಳಗಲ್ಲ. ನೀವೂ ನೇರ ದಾರಿಯಲ್ಲೇ ಬ್ರೇಕ್ ಮುಗಿಸಿ.

ಟರ್ಬೊಗೆ ಇನ್ನೊಂದು ಗುಣವಿದೆ. ಒತ್ತಿದ ಕೂಡಲೇ ಓಗೊಡದು; ಅರೆಕ್ಷಣ ತಡೆದು ಒಟ್ಟಿಗೇ ನುಗ್ಗುತ್ತದೆ. ಆದ್ದರಿಂದ ತಿರುವು ಬಿಚ್ಚಿಕೊಳ್ಳುವಾಗಲೇ ಮೆತ್ತಗೆ ಒತ್ತಲು ಶುರುಮಾಡಿ. ಚಕ್ರ ನೇರವಾದಷ್ಟೂ ಕಾಲು ಕೆಳಗೆ. ಪೂರ್ತಿ ಬಲ ಬಂದಾಗ ಸ್ಟೀರಿಂಗ್ ತಾನಾಗಿ ಅತ್ತಿತ್ತ ಎಳೆಯುತ್ತದೆ, ಎರಡೂ ಕೈ ಅದರ ಮೇಲಿರಲಿ. ಹೊರಡುವಾಗ ಚಕ್ರ ನಿಂತಲ್ಲೇ ಸುತ್ತಿ ಹೊಗೆ ಎದ್ದರೆ ಮೊಬೈಲ್ ಹಿಡಿದವರಿಗೆ ಚಂದ, ನಿಮಗೆ ಸಮಯ ನಷ್ಟ. ಹೆಚ್ಚಿನ ದಾರಿಗೆ ಎರಡನೇ ಗೇರು ಸಾಕು.

ಮೊದಲು ದಾರಿಯನ್ನು ಕಾಲ್ನಡಿಗೆಯಲ್ಲಿ ಎರಡು ಸಲ ಸುತ್ತಿ ಬನ್ನಿ. ಓಡಿಸುವಾಗ ಕಣ್ಣು ಎದುರಿನ ಕೋನ್ ಮೇಲಲ್ಲ, ಅದರಾಚೆಯದರ ಮೇಲೆ. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದಿಡಿ. ಒಂದು ಸುತ್ತಿನ ನಂತರ ಅದು ತೀರಾ ಕೆಳಗಿನವರೆಗೆ ಅಳಿಸಿದ್ದರೆ ಗಾಳಿ ಕಡಿಮೆ ಎಂದರ್ಥ. ಓಟ ಮುಗಿದೊಡನೆ ಇಂಜಿನ್ ಆರಿಸಬೇಡಿ, ಒಂದೆರಡು ನಿಮಿಷ ಸುಮ್ಮನೆ ಓಡಲಿ, ಟರ್ಬೊ ತಣಿಯಬೇಕು. ಸೀಟಿನಡಿಯ ಬಾಟಲಿ, ಡ್ಯಾಶ್‌ಬೋರ್ಡಿನ ಗಣಪತಿ, ಎಲ್ಲವನ್ನೂ ಮೊದಲೇ ತೆಗೆದು ಚೀಲಕ್ಕೆ ಹಾಕಿ.

ಹಾಂ, ಮಾಮೂಲು ವಿಮೆ ಸ್ಪರ್ಧೆಯಲ್ಲಾದ ನಷ್ಟಕ್ಕೆ ಹಣ ಕೊಡುವುದಿಲ್ಲ. ಕಾರು ಅಪ್ಪನ ಹೆಸರಿನಲ್ಲಿದ್ದರೆ ಈ ಮಾತನ್ನು ಹೊರಡುವ ಮುಂಚೆಯೇ ಅವರಿಗೆ ಹೇಳಿ.