ಇಂಟರ್ನ್‌ಷಿಪ್ ಮತ್ತು ಅಧ್ಯಾಪಕರ ಹೊಣೆ

ಕಾಲೇಜಿನ ಪಾಠದೊಡನೆ ಹೊರಗಿನ ಕೆಲಸವನ್ನೂ ಕಲಿಸಬೇಕೆಂಬ ವಿಚಾರ ಹೊಸತೇನಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅವರು 1906ರಲ್ಲಿಯೇ ತರಗತಿಯ ಪಾಠವನ್ನೂ ಕಾರ್ಖಾನೆಯ ದುಡಿಮೆಯನ್ನೂ ಒಂದೇ ಶಿಕ್ಷಣಕ್ರಮದಲ್ಲಿ ಜೋಡಿಸಿದರು. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ಪಠ್ಯಕ್ರಮದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳಿದ್ದು, ಅವುಗಳಲ್ಲಿ 2ರಿಂದ 4 ಇಂಟರ್ನ್‌ಷಿಪ್ಪಿಗೆ ಸಲ್ಲುತ್ತವೆ. ಇಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕೆಲಸ.

ಉದ್ದೇಶವೇನೋ ಸ್ತುತ್ಯವಾದುದು. ಆದರೆ ಮುದ್ರೆಯೊತ್ತಿದ ಪ್ರಮಾಣಪತ್ರವನ್ನು ತಂದೊಪ್ಪಿಸಿದ ಮಾತ್ರಕ್ಕೆ ಕ್ರೆಡಿಟ್ ದೊರೆಯುವುದಾದರೆ, ಪ್ರಾಮಾಣಿಕವಾಗಿ 120 ಗಂಟೆ ದುಡಿದವನಿಗೂ ಪರಿಚಿತರಿಂದ ಕಾಗದ ಬರೆಸಿಕೊಂಡವನಿಗೂ ಭೇದವೆಲ್ಲಿ ಉಳಿಯಿತು? ಗಂಟೆಗಳನ್ನು ಎಣಿಸಲು ಗುಮಾಸ್ತರು ಸಾಕು. ಕಲಿಕೆಯನ್ನು ಅಳೆಯುವ ಹೊಣೆ ಅಧ್ಯಾಪಕರದು. ಆದುದರಿಂದ ವಿದ್ಯಾರ್ಥಿಯು ದಿನಚರಿ ಬರೆಯಲಿ. ಅಧ್ಯಾಪಕರು ಕೆಲಸದ ಸ್ಥಳಕ್ಕೆ ಒಮ್ಮೆಯಾದರೂ ಹೋಗಿಬರಲಿ. ಕೊನೆಗೆ ಮೌಖಿಕ ಪರೀಕ್ಷೆ ನಡೆಯಲಿ.

ಇನ್ನೊಂದು ಮಾತು. ವೇತನವಿಲ್ಲದ ಕೆಲಸಕ್ಕೆಂದು ಪಟ್ಟಣದಲ್ಲಿ ಬಾಡಿಗೆ ತೆತ್ತು ನಿಲ್ಲುವ ಶಕ್ತಿ ಹಳ್ಳಿಯ ಬಡಮಕ್ಕಳಿಗಿಲ್ಲ. ಸಮೀಪದ ಮುದ್ರಣಾಲಯ, ಸಹಕಾರಿ ಸಂಘ, ಹಾಲಿನ ಡೇರಿ, ಗ್ರಂಥಾಲಯಗಳಲ್ಲಿಯೂ ಅವರು ಕಲಿಯಬಹುದಷ್ಟೆ. ಇಂತಹ ಸಂಸ್ಥೆಗಳನ್ನು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ವರ್ಷಕ್ಕೆ ಇಬ್ಬರಿಗಾದರೂ ನಿಜವಾದ ಕೆಲಸವನ್ನೂ ಊಟ-ಪ್ರಯಾಣದ ವೆಚ್ಚವನ್ನೂ ಕೊಟ್ಟರೆ, ಅದು ಯಾವ ದತ್ತಿನಿಧಿಗೂ ಕಡಮೆಯಲ್ಲದ ವಿದ್ಯಾದಾನವೆನಿಸುವುದು.