'8' ಹಾಕಿದರೆ ಲೈಸೆನ್ಸ್, ಸತ್ತರೆ ಡ್ರೈವರ್‌ದೇ ತಪ್ಪು

ನನಗೆ ಬೈಕ್ ಲೈಸೆನ್ಸ್ ಸಿಕ್ಕಿದ್ದು ಐದು ನಿಮಿಷದ ಟೆಸ್ಟಿನಲ್ಲಿ. ಕಾಲು ನೆಲಕ್ಕೆ ತಾಗಿಸದೆ ಒಂದು '8' ಹಾಕಿದೆ, ಮುಗೀತು. ಜರ್ಮನಿಯಲ್ಲಿ ಕಾರಿನ ಲೈಸೆನ್ಸ್ ಬೇಕೆಂದರೆ ಪ್ರಥಮ ಚಿಕಿತ್ಸೆಯ ತರಗತಿ, ಥಿಯರಿ ಪಾಠ, ಹೆದ್ದಾರಿಯಲ್ಲಿ ಮತ್ತು ಕತ್ತಲಲ್ಲಿ ಓಡಿಸುವ ತರಬೇತಿ ಎಲ್ಲವೂ ಕಡ್ಡಾಯ. ಹಾಗಾಗಿ 'ನಮ್ಮವರಿಗೆ ಗಾಡಿ ಓಡಿಸೋಕೇ ಬರಲ್ಲ' ಅನ್ನೋ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ.

ಆದರೆ ಗುಂಡಿ, ದನ, ಬಣ್ಣ ಬಳಿಯದ ಹಂಪ್, ಎದುರಿಂದ ರಾಂಗ್ ಸೈಡಲ್ಲಿ ಬರೋ ಟ್ರಾಕ್ಟರ್ ಇಷ್ಟನ್ನೂ ತಪ್ಪಿಸಿಕೊಂಡು ದಿನಾ ಮನೆ ಸೇರೋ ನಮ್ಮ ಡ್ರೈವರ್‌ಗೆ ಕೌಶಲ ಇಲ್ಲ ಅನ್ನೋದು ಹೇಗೆ? ಕೌಶಲ ಇದ್ದ ಮಾತ್ರಕ್ಕೆ ಜೀವ ಉಳಿಯುತ್ತೆ ಅಂತಲೂ ಇಲ್ಲ. ನಾರ್ವೆಯಲ್ಲಿ 1979ರಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯಲ್ಲಿ ಗಾಡಿ ಹಿಡಿತಕ್ಕೆ ತರುವ ತರಬೇತಿ ಕಡ್ಡಾಯ ಮಾಡಿದರು. ಯುವಕರ ಅಪಘಾತ ಇಳಿಯಲಿಲ್ಲ, ಏರಿತು. ತರಬೇತಿ ಕೊಟ್ಟಿದ್ದು ಹಿಡಿತಕ್ಕಿಂತ ಹೆಚ್ಚಾಗಿ ಧೈರ್ಯವನ್ನು!

ಸ್ವೀಡನ್ ಸಂಸತ್ತು 1997ರಲ್ಲಿ ಬೇರೆ ದಾರಿ ಹಿಡಿಯಿತು. ಮನುಷ್ಯ ತಪ್ಪು ಮಾಡೇ ಮಾಡ್ತಾನೆ, ಆ ತಪ್ಪಿಗೆ ಜೀವ ಹೋಗಬಾರದು, ರಸ್ತೆ ಕಟ್ಟುವವರೂ ಹೊಣೆ ಹೊರಬೇಕು ಅನ್ನುವ ನೀತಿ. ಎದುರುಬದುರು ಡಿಕ್ಕಿ ತಪ್ಪಿಸಲು ಹೆದ್ದಾರಿಯ ನಡುವೆ ಉಕ್ಕಿನ ಹಗ್ಗದ ತಡೆ ಬಂತು, ಕ್ರಾಸಿಂಗ್‌ಗಳಲ್ಲಿ ವೃತ್ತಗಳು ಬಂದವು, ಜನ ಓಡಾಡುವ ಊರೊಳಗಿನ ಬೀದಿಗಳಲ್ಲಿ ವೇಗ 30 ಕಿ.ಮೀ.ಗೆ ಇಳಿಯಿತು. ಒಂದು ಕೋಟಿ ದಾಟಿದ ಜನಸಂಖ್ಯೆಯ ಆ ದೇಶದಲ್ಲಿ ಈಗ ವರ್ಷಕ್ಕೆ ಸುಮಾರು 200ರಿಂದ 230 ಸಾವು. ನಮ್ಮ ಕರ್ನಾಟಕದ ಜನಸಂಖ್ಯೆ ಅದರ ಆರೇಳು ಪಟ್ಟು. 2022ರಲ್ಲಿ ಇಲ್ಲಿ ರಸ್ತೆಯಲ್ಲಿ ಸತ್ತವರು 11 ಸಾವಿರಕ್ಕೂ ಹೆಚ್ಚು, ಅಂದರೆ ಐವತ್ತು ಪಟ್ಟು.

ಅದೇ ವರ್ಷ ದೇಶದಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಶೇ 44ರಷ್ಟು ದ್ವಿಚಕ್ರ ಸವಾರರು, ಶೇ 19ರಷ್ಟು ಪಾದಚಾರಿಗಳು. ಕಾರಿಲ್ಲದವರು. ಸರ್ಕಾರದ ವರದಿಯಲ್ಲಿ ಶೇ 70ಕ್ಕೂ ಹೆಚ್ಚು ಸಾವಿಗೆ ಕಾರಣ 'ಅತಿವೇಗ'. ಫುಟ್‌ಪಾತ್ ಇಲ್ಲದ್ದು, ಊರ ಮಧ್ಯೆಯೇ ಹೆದ್ದಾರಿ ಸೀಳಿಕೊಂಡು ಹೋದದ್ದು ಎಫ್‌ಐಆರ್‌ನಲ್ಲಿ ಎಲ್ಲಿ ಬರುತ್ತೆ?

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರಲ್ಲಿ ವೇಗ ತಪಾಸಣೆ ಬಿಗಿಯಾಯ್ತು, ಆಗಸ್ಟ್‌ನಿಂದ ಬೈಕ್, ಆಟೊ, ಟ್ರಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು, ಮುಂದೆ ಕ್ಯಾಮೆರಾ ಬಂದವು. ಸಾವು ದೊಡ್ಡ ಮಟ್ಟದಲ್ಲಿ ಇಳಿಯಿತು. ಅಷ್ಟರಲ್ಲಿ ನಮ್ಮ ಡ್ರೈವರ್‌ಗಳೇನೂ ಜರ್ಮನಿಗೆ ಹೋಗಿ ಕಲಿತು ಬಂದಿರಲಿಲ್ಲ. (ಬಡವನ ಬೈಕನ್ನೇ ಹೊರಗಟ್ಟಿದ್ದು ನ್ಯಾಯವಾ ಅನ್ನೋ ತಕರಾರು ನನಗೂ ಇದೆ.)

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನೋ ಕಲಂ ಸೇರಿದೆ. ಸುರಕ್ಷತಾ ಮಾನದಂಡ ಪಾಲಿಸದೆ ರಸ್ತೆ ಮಾಡಿ ಜನರ ಸಾವಿಗೆ, ಅಂಗವೈಕಲ್ಯಕ್ಕೆ ಕಾರಣವಾದ ಗುತ್ತಿಗೆದಾರ, ವಿನ್ಯಾಸ ಮಾಡಿದವರು, ಪ್ರಾಧಿಕಾರ ಯಾರೇ ಆಗಲಿ, ಒಂದು ಲಕ್ಷ ರೂಪಾಯಿವರೆಗೆ ದಂಡ. ಜೀವಕ್ಕೆ ಅದು ಪುಡಿಗಾಸು, ಸರಿ. ಆದರೂ ನಿಮ್ಮ ಜಿಲ್ಲೆಯಲ್ಲಿ ಈ ಕಲಂ ಅಡಿ ಈವರೆಗೆ ಎಷ್ಟು ಕೇಸ್ ಹಾಕಿದ್ದೀರಿ ಅಂತ ಎಸ್‌ಪಿ ಕಚೇರಿಗೆ ಒಂದು ಆರ್‌ಟಿಐ ಹಾಕಿ ನೋಡಿ. ನಾನು ಈ ವಾರ ನಮ್ಮ ಜಿಲ್ಲೆಯಲ್ಲಿ ಹಾಕ್ತಿದ್ದೀನಿ.