ಗೋಧಿಯ ಕಸುವು ಯಾರ ಪಾಲು?

ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ದುಡಿಯುವ ಜನರಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಬೆಳಗಿನ ಪಾಳಿಗೆ ಹೊರಟ ಕಾರ್ಮಿಕ ಚಹದೊಡನೆ ಎರಡು ಬನ್ನು ತಿಂದು ಯಂತ್ರದ ಮುಂದೆ ನಿಲ್ಲುತ್ತಾನೆ. ಮಧ್ಯಾಹ್ನದೊಳಗೆ ಕೈಕಾಲು ಸೋಲುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ, ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತ ಕಡಮೆ. ತಟ್ಟೆಯಲ್ಲಿ ಅನ್ನವಿದ್ದೂ ಇರುವ ಹಸಿವೆ ಇದು.

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬಿತ್ತುತ್ತ, ಕಾಳಿನ ಮಾದರಿಗಳನ್ನು ಕಾಪಿಟ್ಟುಕೊಂಡು ಬಂದಿದ್ದಾರೆ. ಆ ಕಾಳುಗಳ ಪರೀಕ್ಷೆಯ ಫಲ 2008ರಲ್ಲಿ ಪ್ರಕಟವಾಯಿತು. 1960ರ ದಶಕದ ನಡುವಿನವರೆಗೆ ಕಬ್ಬಿಣ, ಸತುವಿನ ಪ್ರಮಾಣ ಹೆಚ್ಚುಕಡಮೆ ಒಂದೇ ಸಮನಿತ್ತು; ಅಧಿಕ ಇಳುವರಿಯ ಗಿಡ್ಡ ತಳಿಗಳು ಬಂದಮೇಲೆ ಅದು ಇಳಿಯಿತು. ಅಂಥ ಗಿಡ್ಡ ಗೋಧಿಯೇ ನಮ್ಮ ದೇಶದ ಧಾನ್ಯದ ಕೊರತೆಯನ್ನು ನೀಗಿಸಿತೆಂಬುದನ್ನು ನಾವು ಮರೆತಿಲ್ಲ. ಆದರೆ ಚೀಲ ಎಣಿಸಿದವರು ಸತ್ವವನ್ನು ಎಣಿಸಲಿಲ್ಲ.

ವಿಜ್ಞಾನ ಈಗ ಈ ಕೊರತೆಯನ್ನು ತುಂಬಲು ಹೊರಟಿದೆ. ಬೆಳಗಾವಿ, ವಿಜಯಪುರದ ಕಡೆ ನಮ್ಮ ರೈತರು ಬೆಳೆಯುವ ಜವೆಗೋಧಿಯ ಪೂರ್ವಜವೊಂದು ಪಶ್ಚಿಮ ಏಷ್ಯದ ಗುಡ್ಡಗಳಲ್ಲಿ ಇಂದಿಗೂ ಕಾಡುಹುಲ್ಲಾಗಿ ಬೆಳೆಯುತ್ತದೆ. ಅಮೇರಿಕದ ಡೇವಿಸ್ ಮತ್ತು ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2006ರಲ್ಲಿ ಅದರೊಳಗಿನ ಒಂದು ವಂಶವಾಹಿಯನ್ನು ಗುರುತಿಸಿದರು. ಮನೆ ಬಿಡುವ ಬಾಡಿಗೆದಾರ ಸಾಮಾನನ್ನೆಲ್ಲ ಗಾಡಿಗೆ ಹೇರುವಂತೆ, ಪೈರು ಒಣಗುವ ಕಾಲಕ್ಕೆ ಎಲೆಯಲ್ಲಿನ ಸಾರ, ಕಬ್ಬಿಣ, ಸತುಗಳನ್ನು ಕಾಳಿಗೆ ಸಾಗಿಸುವುದು ಅದರ ಕೆಲಸ. ಇಂದಿನ ಹೆಚ್ಚಿನ ಗೋಧಿಗಳಲ್ಲಿ ಅದು ಕೆಲಸ ಮಾಡುತ್ತಿಲ್ಲ.

ನಮ್ಮ ದೇಶದ ವಿಜ್ಞಾನಿಗಳೂ ಕೈಕಟ್ಟಿ ಕುಳಿತಿಲ್ಲ. ಕರ್ನಾಲದ ಸಂಸ್ಥೆ 2017ರಲ್ಲಿ ಕೊಟ್ಟ ಡಬ್ಲ್ಯುಬಿ 02 ತಳಿಯ ಒಂದು ಕಿಲೋ ಕಾಳಿನಲ್ಲಿ 42 ಮಿಲಿಗ್ರಾಂ ಸತುವಿದೆ. ರೂಢಿಯ ತಳಿಗಳಲ್ಲಿ ಸುಮಾರು 32. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯ ಎಂಎಸಿಎಸ್ 4028 ತಳಿಯಲ್ಲಿ ಕಬ್ಬಿಣ 46 ಮಿಲಿಗ್ರಾಂ. ಇವೆಲ್ಲ ಜನರ ತೆರಿಗೆಯ ಹಣದಿಂದ ನಡೆಯುವ ಸಂಸ್ಥೆಗಳ ಫಲ. ಹಾಗಾದರೆ ಫಲ ಯಾರಿಗೆ ಸೇರಬೇಕು?

ಇಲ್ಲಿಯೇ ಗಂಟು. ಕಬ್ಬಿಣ, ಸತುಗಳ ಹೆಚ್ಚಿನ ಪಾಲು ಇರುವುದು ಕಾಳಿನ ಹೊರಪದರದಲ್ಲಿ, ಮೊಳಕೆಯಲ್ಲಿ. ಮೈದಾ ಮಾಡುವಾಗ ಇವೆರಡೂ ಬೇರೆಯಾಗುತ್ತವೆ. ಬೂಸಾ ಎಮ್ಮೆಗೆ, ಮೈದಾ ಮನುಷ್ಯನಿಗೆ! ಇನ್ನು ರೈತನ ಮಾತು. ಸರಕಾರದ ಬೆಂಬಲ ಬೆಲೆ ಸತ್ವವನ್ನು ನೋಡುವುದಿಲ್ಲ. ಸತ್ವದ ಗೋಧಿಯೂ ಸಾದಾ ಗೋಧಿಯೂ ಒಂದೇ ರಾಶಿಗೆ ಬಿದ್ದರೆ, ರೈತ ಯಾವ ಆಸೆಯಿಂದ ಹೊಸ ಬೀಜ ಬಿತ್ತಬೇಕು?

ನಮ್ಮ ಬೇಡಿಕೆ ಇಷ್ಟು. ಸತ್ವದ ತಳಿಗಳನ್ನು ಸರಕಾರ ಬೇರೆಯಾಗಿ, ನಾಲ್ಕು ಕಾಸು ಹೆಚ್ಚು ಕೊಟ್ಟು ಕೊಳ್ಳಲಿ. ಆ ಗೋಧಿ ಮೊದಲು ಅಂಗನವಾಡಿಗೆ, ಶಾಲೆಯ ಬಿಸಿಯೂಟಕ್ಕೆ, ಗೋಧಿ ಹಂಚುವ ಪಡಿತರ ಅಂಗಡಿಗೆ ಹೋಗಲಿ. ಬೀಜ ಜನರ ಆಸ್ತಿಯಾಗಿಯೇ ಉಳಿಯಲಿ. ಅಂಗಡಿಕಾರ ಮಿತ್ರರಿಗೂ ಒಂದು ಮಾತು: ಬೂಸಾ ತೆಗೆಯದ ಇಡೀ ಗೋಧಿ ಹಿಟ್ಟನ್ನು ಮುಂದಿನ ಸಾಲಿನಲ್ಲಿಡಿ, ಗಿರಾಕಿಯ ಆರೋಗ್ಯವೂ ನಿಮ್ಮ ಬಂಡವಾಳವೇ.

ಕೊನೆಯದಾಗಿ, ಒಂದು ಬೀಜದಿಂದಲೇ ರಕ್ತಹೀನತೆ ಓಡಿಹೋಗುತ್ತದೆಂದು ನಾವು ಹೇಳುವುದಿಲ್ಲ. ಕಾಳಿನಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದೂ ಇಲ್ಲ. ರೊಟ್ಟಿಯ ಪಕ್ಕದಲ್ಲಿ ಬೇಳೆ, ಸೊಪ್ಪು, ಮೊಟ್ಟೆ, ಹಾಲು ಬೇಕು. ಅವನ್ನು ಕೊಳ್ಳಲು ತಕ್ಕ ಕೂಲಿ ಬೇಕು. ವಿಜ್ಞಾನಿ ತನ್ನ ಪಾಲಿನ ಕೆಲಸ ಮಾಡಿದ್ದಾನೆ. ಕಾಳಿನ ಕಸುವನ್ನು ಕಾರ್ಮಿಕನ ಮಗುವಿನ ತಟ್ಟೆಗೆ ತರುವ ಕೆಲಸ ಸಂಘಟಿತ ಜನರದು. ಅದಕ್ಕಾಗಿ ನಾವು ಕೇಳುತ್ತಲೇ ಇರಬೇಕು, ಒಟ್ಟಾಗಿ ಕೇಳಬೇಕು.